ಮೊಳ, ಸಾಸಿವೆ, ಹುಣ್ಣಿಮೆ: ನಂಬಿಕೆಯನ್ನು ಅಳೆದು ನೋಡುವ ಬಗೆ

ಬಾದಾಮಿ ಮಾವಿನ ಕಸಿ ಸಸಿ ಕೊಳ್ಳುವಾಗ ನೀವು ಏನೇನು ನೋಡುತ್ತೀರಿ? ಕಸಿ ಕಟ್ಟಿದ ಗಂಟು ಕೂಡಿಕೊಂಡಿದೆಯೇ, ಗಂಟಿನ ಕೆಳಗಿಂದ ಚಿಗುರು ಒಡೆದಿದೆಯೇ, ಬೇರು ಚೀಲ ಹರಿದು ಹೊರಬಂದಿದೆಯೇ. ನರ್ಸರಿಯವನು ‘ಗ್ಯಾರಂಟಿ ಸಾರ್’ ಎಂದಷ್ಟಕ್ಕೇ ದುಡ್ಡು ಬಿಚ್ಚುವುದಿಲ್ಲ. ಇಡ್ಲಿ ಹಿಟ್ಟು ಉಬ್ಬದೇ ಹೋದರೆ ಉದ್ದು ಹಳೆಯದೋ, ರಾತ್ರಿ ಚಳಿ ಹೆಚ್ಚಿತ್ತೋ, ನೀರು ಜಾಸ್ತಿಯಾಯಿತೋ ಎಂದು ಒಂದೊಂದಾಗಿ ತಪಾಸಣೆ ಮಾಡುತ್ತೀರಿ. ಇದೇ ಜನ ಭಾನುವಾರ ಚರ್ಚಿಗೆ ಪ್ರಸಂಗ ಕೇಳಲು ಬಂದಾಗ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರುತ್ತೇವೆ. ಯಾಕೆ?

ಬಿಟ್ಟು ಬನ್ನಿ ಎಂದು ಸತ್ಯವೇದ, ಅಂದರೆ ಬೈಬಲ್, ಹೇಳಿಲ್ಲ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಪೌಲನು ಥೆಸಲೊನೀಕದವರಿಗೆ ಬರೆದ. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಬೆರೋಯದ ಜನ, ಪೌಲ ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾ ಗ್ರಂಥ ತೆರೆದು ನೋಡುತ್ತಿದ್ದರು. ಅದಕ್ಕೆ ಅವರಿಗೆ ಸಿಕ್ಕಿದ್ದು ಬೈಗುಳವಲ್ಲ, ಹೊಗಳಿಕೆ. ಆದ್ದರಿಂದ ಅಪ್ಪಣೆಯ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟು ಕೆಲಸಕ್ಕೆ ಇಳಿಯೋಣ. ತತ್ತ್ವಶಾಸ್ತ್ರದ ಪಾಠ ನಿಮಗೆ ಬೇಕಿಲ್ಲ. ಅಡುಗೆ, ತೋಟ, ಹಕ್ಕಿ ನೋಡುವುದು, ಪಂಚಾಂಗ, ಮನೆ ಕಟ್ಟಿಸಿದ ಅನುಭವ, ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಉಪಕರಣ ಈಗಾಗಲೇ ನಿಮ್ಮ ಕೈಯಲ್ಲಿದೆ.

ಮನೆ ಕಟ್ಟಿಸಿದವರಿಂದ ಶುರು ಮಾಡೋಣ, ಸಂಪಿನ ಲೆಕ್ಕ ಅವರಿಗೆ ಬಾಯಿಪಾಠ. ಒಂದನೆಯ ಅರಸುಗಳು 7ನೆಯ ಅಧ್ಯಾಯ, 23ರಿಂದ 26ನೆಯ ವಚನ. ಸೊಲೊಮೋನನ ದೇವಾಲಯದ ಮುಂದೆ ಎರಕ ಹೊಯ್ದ ದೊಡ್ಡ ತೊಟ್ಟಿ, ಅದಕ್ಕೆ ‘ಸಮುದ್ರ’ ಎಂದೇ ಹೆಸರು. ಅಂಚಿನಿಂದ ಅಂಚಿಗೆ 10 ಮೊಳ, ಎತ್ತರ 5 ಮೊಳ, ಸುತ್ತಳತೆ 30 ಮೊಳ, ದಪ್ಪ ಅಂಗೈ ಅಗಲ, ಹಿಡಿಸುವ ನೀರು 2,000 ಬತ್. ಕಾಲೇಜಿನ ಹುಡುಗರು ಇದನ್ನು ಹಿಡಿದುಕೊಂಡು, ನಿಮ್ಮ ದೇವರಿಗೆ ಪೈ ಬೆಲೆ 3 ಅಂತೆ ಎಂದು ಕಿಚಾಯಿಸುತ್ತಾರೆ. ವ್ಯಾಸ 10 ಇದ್ದರೆ ಸುತ್ತಳತೆ 31.4 ಬರಬೇಕು. ಮೊಳಕ್ಕೆ 45 ಸೆಂಟಿಮೀಟರ್ ಹಿಡಿದರೆ ವ್ಯತ್ಯಾಸ 64 ಸೆಂಟಿಮೀಟರ್, ಸಣ್ಣದೇನಲ್ಲ.

ನಮ್ಮವರು ಇದಕ್ಕೆ ಕೊಡುವ ಸಮಜಾಯಿಷಿ: ವ್ಯಾಸ ಹೊರಗಿನದು, ಸುತ್ತಳತೆ ಒಳಗಿನದು. ಅದನ್ನೂ ಅಳೆಯೋಣ. ಅಂಗೈ ಅಗಲ ಏಳೂವರೆ ಸೆಂಟಿಮೀಟರ್. ಎರಡೂ ಕಡೆ ಕಳೆದರೆ ಒಳವ್ಯಾಸ 4.35 ಮೀಟರ್, ಸುತ್ತಳತೆ 13.67 ಮೀಟರ್. ಗ್ರಂಥದ 30 ಮೊಳ ಎಂದರೆ 13.5. ಇನ್ನೂ 17 ಸೆಂಟಿಮೀಟರ್ ಉಳಿಯಿತು. ಹತ್ತಿರ ಬಂತು, ಕೂಡಲಿಲ್ಲ. ಮೇಲಾಗಿ ಹೊರಗೆ ಒಂದು, ಒಳಗೆ ಒಂದು ಅಳತೆ ತೆಗೆಯುವ ಮೇಸ್ತ್ರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಇದಕ್ಕಿಂತ ಸರಳವಾದ ದಾರಿ ಒಂದಿದೆ. ಬರೆದವನು ಪೂರ್ಣ ಮೊಳಗಳಲ್ಲಿ ಹೇಳುತ್ತಿದ್ದಾನೆ, ಅರ್ಧ ಕಾಲು ಎಣಿಸುತ್ತಿಲ್ಲ. ನಿಜವಾದ ವ್ಯಾಸ 9.6 ಮೊಳ ಎಂದಿಟ್ಟುಕೊಳ್ಳಿ. ಸುತ್ತಳತೆ 30.2 ಬರುತ್ತದೆ. ಒಂದು 10 ಆಗುತ್ತದೆ, ಇನ್ನೊಂದು 30 ಆಗುತ್ತದೆ. ಒಂಬತ್ತೂವರೆಯಿಂದ 9.7ರವರೆಗೆ ಯಾವ ವ್ಯಾಸ ಹಿಡಿದರೂ ಎರಡು ಅಂಕಿಯೂ ಸರಿಹೊಂದುತ್ತವೆ. ಪವಾಡವೂ ಬೇಡ, ಒಳಹೊರಗಿನ ಕಸರತ್ತೂ ಬೇಡ. ಇಲ್ಲಿ ಗೇಲಿ ಮಾಡಿದವರೂ ಸಮರ್ಥಿಸಿದವರೂ ಒಂದೇ ತಪ್ಪು ಮಾಡಿದರು: ಅಂಕಿ ಎಷ್ಟು ನಿಖರವಾಗಿರಲು ಹೊರಟಿದೆ ಎಂದು ಯಾರೂ ಕೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಬಿಡಬೇಡಿ. ನೀರಿನ ಲೆಕ್ಕ ಬಾಕಿ ಇದೆ. ಒಂದು ಬತ್ ಎಂದರೆ ಸುಮಾರು 22 ಲೀಟರ್ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. 2,000 ಬತ್ ಎಂದರೆ 44,000 ಲೀಟರ್, ಬೆಂಗಳೂರಿನ ದೊಡ್ಡ ಟ್ಯಾಂಕರ್ ನಾಲ್ಕು ಬಂದು ಸುರಿಯಬೇಕು. ತೊಟ್ಟಿ ಡ್ರಮ್ಮಿನಂತೆ ನೇರ ಗೋಡೆಯದಾಗಿದ್ದರೂ, ದಪ್ಪವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ ಹಿಡಿಯುವುದು 35,800 ಲೀಟರ್. ಬಾಣಲೆಯಂತೆ ಅರ್ಧಗೋಳವಾಗಿದ್ದರೆ 24,000ದ ಒಳಗೆ. ಮೊಳವನ್ನು 52 ಸೆಂಟಿಮೀಟರಿಗೆ ಏರಿಸಿದರೆ, ಅಂಥ ಉದ್ದ ಮೊಳವೂ ಇತ್ತು ಎಂಬುದಕ್ಕೆ ಯೆಹೆಜ್ಕೇಲನ 40ನೆಯ ಅಧ್ಯಾಯವೇ ಸಾಕ್ಷಿ, ನೇರ ಗೋಡೆಯ ತೊಟ್ಟಿಗೆ 55,000 ಲೀಟರ್ ದಾಟುತ್ತದೆ. ಆಗ 2,000 ಬತ್ ಹಿಡಿಯುತ್ತದೆ. ಸರಿ. ಆದರೆ ಎರಡನೆಯ ಪೂರ್ವಕಾಲವೃತ್ತಾಂತ 4:5 ಇದೇ ತೊಟ್ಟಿಗೆ 3,000 ಬತ್ ಎನ್ನುತ್ತದೆ. ಅದು 66,000 ಲೀಟರ್. ಮೇಲೆ ಹೇಳಿದ ಯಾವ ಮೊಳ, ಯಾವ ಆಕಾರ ಹಿಡಿದರೂ ತುಳುಕುತ್ತದೆ.

ಇಲ್ಲಿ ಏನು ಮಾಡುತ್ತೀರಿ? ಬತ್ತಿನ ಅಳತೆ ಕಾಲಕಾಲಕ್ಕೆ ಬದಲಾಯಿತು ಎನ್ನಬಹುದು. ಅಂಕಿ ನಕಲು ಮಾಡುವಾಗ ತಪ್ಪಿತು ಎನ್ನಬಹುದು. 2,000 ಎಂಬುದು ದಿನಾ ತುಂಬಿಸುತ್ತಿದ್ದುದು, 3,000 ಎಂಬುದು ಕಂಠಪೂರ್ತಿ ಎನ್ನುವವರೂ ಇದ್ದಾರೆ. ಆ ಕೊನೆಯ ಮಾತನ್ನು ನಿಮ್ಮ ಪ್ಲಂಬರ್ ಹೇಳಿದ್ದರೆ ನಂಬುತ್ತಿದ್ದಿರಾ? ಒಂದು ಅಂಕಿ ತಪ್ಪಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಮುಂದೆ ಹೋಗುವುದೇ ನನ್ನ ಮಟ್ಟಿಗೆ ಪ್ರಾಮಾಣಿಕ ಉತ್ತರ. ಅಂಕಿ ತಪ್ಪಿದ್ದರಿಂದ ನಂಬಿಕೆ ಕಳೆದುಕೊಂಡವರಿಗಿಂತ, ತಪ್ಪನ್ನು ಮುಚ್ಚಲು ಹಿರಿಯರು ಹೇಳಿದ ಸಮಜಾಯಿಷಿಯ ಬಣ್ಣ ಬಯಲಾದಾಗ ಕಳೆದುಕೊಂಡವರೇ ಹೆಚ್ಚು ಎಂಬುದು ನನ್ನ ಎಣಿಕೆ.

ಇನ್ನು ಅಡುಗೆಮನೆ. ಸಾಸಿವೆ ಕಾಳು ಎಲ್ಲ ಬೀಜಗಳಿಗಿಂತ ಚಿಕ್ಕದು ಎಂದು ಮತ್ತಾಯ 13ರಲ್ಲಿದೆ. ಒಗ್ಗರಣೆ ಡಬ್ಬಿ ಮುಚ್ಚಳ ತೆಗೆದರೇ ಗೊತ್ತಾಗುತ್ತದೆ, ಗಸಗಸೆ ಅದಕ್ಕಿಂತ ಚಿಕ್ಕದು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರನ್ನು ಕೇಳಿ: ಒಂದು ಗ್ರಾಂ ಸಾಸಿವೆಯಲ್ಲಿ ಕೆಲವು ನೂರು ಕಾಳಿದ್ದರೆ, ಒಂದು ಗ್ರಾಂ ಹೊಗೆಸೊಪ್ಪಿನ ಬೀಜದಲ್ಲಿ ಹತ್ತು ಸಾವಿರ. ಮಲೆನಾಡಿನ ಮರಗಳ ಮೇಲೆ ಅರಳುವ ಸೀತಾಳೆ ದಂಡೆಯ ಬೀಜವಂತೂ ಧೂಳು, ಊದಿದರೆ ಹಾರುತ್ತದೆ. ಸಸ್ಯಶಾಸ್ತ್ರದ ಮಾತಾಗಿ ತೆಗೆದುಕೊಂಡರೆ ವಾಕ್ಯ ತಪ್ಪು. ಆದರೆ ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲೂ ತೀರಾ ಚಿಕ್ಕದ್ದನ್ನು ಹೇಳಬೇಕಾದಾಗ ‘ಸಾಸಿವೆಯಷ್ಟು’ ಎಂಬ ಮಾತು ಬರುತ್ತದೆ. ನಾವೂ ‘ಸಾಸಿವೆಯಷ್ಟು ಸಾಗರದಷ್ಟು’ ಎನ್ನುತ್ತೇವಲ್ಲ, ಯಾರೂ ಸ್ಕೇಲು ಹಿಡಿದು ಬರುವುದಿಲ್ಲ. ಮಾತಿನ ಜಾತಿ ಯಾವುದೆಂದು ಮೊದಲು ತಿಳಿಯಬೇಕು. ತೊಟ್ಟಿಯ ಅಂಕಿ ಅಳತೆಯ ಮಾತು, ಅದಕ್ಕೆ ಟೇಪು ಹಿಡಿಯುವುದು ನ್ಯಾಯ. ಇದು ಆಡುಮಾತು.

ಅದೇ ಅಧ್ಯಾಯದ 33ನೆಯ ವಚನದಲ್ಲಿ ಮಾತ್ರ ಅಳತೆ ಹಿಡಿದರೇ ರುಚಿ. ಒಬ್ಬ ಹೆಂಗಸು ಹುಳಿಹಿಟ್ಟನ್ನು ಮೂರು ‘ಸಾತ’ ಹಿಟ್ಟಿನಲ್ಲಿ ಅಡಗಿಸಿಟ್ಟಳು. ಒಂದು ಸಾತಕ್ಕೆ ಸುಮಾರು 13 ಲೀಟರ್. ಮೂರಕ್ಕೆ 39 ಲೀಟರ್, ತೂಕದಲ್ಲಿ 20 ಕಿಲೋ ದಾಟುತ್ತದೆ. ನೂರು ಜನಕ್ಕೆ ರೊಟ್ಟಿಯಾಗುತ್ತದೆ. ಮಂಗಳೂರಿನ ಕಡೆಯವರು ಹಬ್ಬಕ್ಕೆ ಶೇಂದಿ ಹಾಕಿ ಸನ್ನ ಮಾಡುವುದನ್ನು ನೆನೆಸಿಕೊಳ್ಳಿ: ಇಪ್ಪತ್ತು ಕಿಲೋ ಹಿಟ್ಟನ್ನು ಒಬ್ಬಳೇ ಕಲಸುವುದೆಂದರೆ ರಟ್ಟೆ ಬಿದ್ದುಹೋಗುತ್ತದೆ. ಕೇಳುತ್ತಿದ್ದವರಿಗೆ ನಗು ಬಂದಿರಬೇಕು. ಇನ್ನೊಂದು ಮಾತು. ಆ ಹುಳಿಹಿಟ್ಟು ಅಂಗಡಿಯ ಯೀಸ್ಟ್ ಅಲ್ಲ, ಹಿಂದಿನ ಸಲದ ಹಿಟ್ಟಿನಲ್ಲಿ ಎತ್ತಿಟ್ಟ ಮುದ್ದೆ. ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟರೆ ಎಲ್ಲವೂ ಹುಳಿಯಾಗಿ ಎಸೆಯಬೇಕಾಗುತ್ತದೆ. ಅದಕ್ಕೇ ಬೇರೆ ಕಡೆ ಇದೇ ಹುಳಿಹಿಟ್ಟು ಕೆಟ್ಟದ್ದರ ಹೋಲಿಕೆ, ಫರಿಸಾಯರ ಹುಳಿಹಿಟ್ಟಿನ ಬಗ್ಗೆ ಎಚ್ಚರ ಎಂದು ಮತ್ತಾಯ 16ರಲ್ಲಿ ಬರುತ್ತದೆ. ಒಂದು ಚಿಹ್ನೆಗೆ ಎಲ್ಲೆಡೆ ಒಂದೇ ಅರ್ಥ ಹಚ್ಚುವ ಪ್ರಸಂಗಿಗಳು ಒಂದು ವಾರ ಹಿಟ್ಟು ಹುದುಗಿಸಿ ನೋಡುವುದು ಒಳ್ಳೆಯದು.

ತೋಟದವರಿಗೆ ರೋಮಾಪುರದವರಿಗೆ ಬರೆದ ಪತ್ರದ 11ನೆಯ ಅಧ್ಯಾಯ. ಕಾಡು ಎಣ್ಣೆಮರದ (ಆಲಿವ್) ಕೊಂಬೆಯನ್ನು ಊರ ಎಣ್ಣೆಮರಕ್ಕೆ ಕಸಿ ಕಟ್ಟಿದಂತೆ ಎಂದು ಪೌಲ ಹೇಳುತ್ತಾನೆ. ಕಸಿ ಗೊತ್ತಿದ್ದವರಿಗೆ ಇದು ತಲೆಕೆಳಗು. ನಾವು ನಾಟಿ ಮಾವಿನ ಬೇರಿಗೆ ಜಾತಿ ಮಾವಿನ ಕುಡಿ ಕಟ್ಟುತ್ತೇವೆ. ಹಣ್ಣು ಬರುವುದು ಕುಡಿಯ ಗುಣಕ್ಕೆ ತಕ್ಕಂತೆ, ಕಾಡು ಕುಡಿ ಕಟ್ಟಿದರೆ ಕಾಡು ಕಾಯೇ ಬರುತ್ತದೆ. ಪೌಲ ಪೇಟೆಯವನು, ಕೃಷಿ ಗೊತ್ತಿಲ್ಲ ಎಂದು ನಕ್ಕುಬಿಡಬಹುದು. ಆದರೆ 24ನೆಯ ವಚನದವರೆಗೆ ಓದಿ: ಇದು ಸ್ವಭಾವಕ್ಕೆ ವಿರುದ್ಧ ಎಂದು ಅವನೇ ಹೇಳುತ್ತಾನೆ. ಅವನ ಕಾಲದವನೇ ಆದ ರೋಮಿನ ಕೃಷಿ ಬರಹಗಾರ ಕೊಲುಮೆಲ್ಲಾ, ಫಲ ಕೊಡದ ಎಣ್ಣೆಮರಕ್ಕೆ ಕಾಡು ಎಣ್ಣೆಮರದ ಕುಡಿ ಸೇರಿಸುವ ಪದ್ಧತಿಯನ್ನೂ ಬರೆದಿಟ್ಟಿದ್ದಾನೆ. ಪೌಲನಿಗೆ ಆ ಪದ್ಧತಿ ಗೊತ್ತಿತ್ತು ಎಂದು ಇದರಿಂದ ಸಾಬೀತಾಗುವುದಿಲ್ಲ. ಹಾಗೆ ಹೇಳುವವರು ಒಂದು ಹೆಜ್ಜೆ ಹೆಚ್ಚು ಇಟ್ಟಂತೆ.

ತೋಟದ ಮಾತು ಬಂತೆಂದು ಹೇಳುತ್ತೇನೆ. ಬಟಾಣಿ ಗಿಡಗಳಲ್ಲಿ ಅನುವಂಶಿಕತೆಯ ನಿಯಮ ಕಂಡುಹಿಡಿದು 1866ರಲ್ಲಿ ಪ್ರಕಟಿಸಿದ ಮೆಂಡೆಲ್ ಅಗಸ್ಟಿನಿಯನ್ ಮಠದ ಸನ್ಯಾಸಿ. ದುಂಡು ಬೀಜ 5,474, ಸುಕ್ಕು ಬೀಜ 1,850 ಎಂದು ಒಂದೊಂದಾಗಿ ಎಣಿಸಿದ ಆಸಾಮಿ. ನಮ್ಮಲ್ಲೇ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹಾ ಅವರು ಸಸ್ಯಶಾಸ್ತ್ರಜ್ಞ ನಿಕೊಲ್ಸನ್ ಜೊತೆಗೂಡಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥವನ್ನು 1976ರಲ್ಲಿ ಹೊರತಂದರು. ಬಲಿಪೂಜೆಗೆ ಒಂದು ಕಣ್ಣು, ಗಿಡ ಗುರುತಿಸಲು ಇನ್ನೊಂದು ಕಣ್ಣು ಎಂದು ಇವರು ಬೇರೆ ಇಟ್ಟುಕೊಂಡಿರಲಿಲ್ಲ.

ಈಗ ಆಕಾಶ. ಯೇಸುವನ್ನು ಶಿಲುಬೆಗೆ ಹಾಕಿದಾಗ ನಡುಹಗಲಿಂದ ಮೂರು ಗಂಟೆ ಕಾಲ ಕತ್ತಲು ಎಂದು ಮಾರ್ಕ, ಮತ್ತಾಯ, ಲೂಕ ಮೂವರೂ ಬರೆಯುತ್ತಾರೆ. ‘ಅದು ಸೂರ್ಯಗ್ರಹಣ, ವಿಜ್ಞಾನವೂ ಒಪ್ಪುತ್ತದೆ’ ಎಂದು ಯಾರಾದರೂ ಹೇಳಿದರೆ ಮನೆಯ ಪಂಚಾಂಗ ತೆಗೆದು ತೋರಿಸಿ. ಶಿಲುಬೆಗೆ ಹಾಕಿದ್ದು ಯೆಹೂದ್ಯರ ಪಸ್ಕ ಹಬ್ಬದ ಸಮಯದಲ್ಲಿ, ಆ ಹಬ್ಬ ಬರುವುದು ಹುಣ್ಣಿಮೆಯ ಹೊತ್ತಿಗೆ. ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯಂದು ಮಾತ್ರ. ಪೂರ್ಣ ಗ್ರಹಣದ ಕತ್ತಲು ಒಂದು ಜಾಗದಲ್ಲಿ ಏಳೂವರೆ ನಿಮಿಷ ಮೀರುವುದಿಲ್ಲ, ಮೂರು ಗಂಟೆಯ ಮಾತೆಲ್ಲಿ ಬಂತು. ಇದನ್ನು ನಾಸ್ತಿಕರು ಮೊದಲು ಹೇಳಿದ್ದಲ್ಲ. ಮೂರನೆಯ ಶತಮಾನದ ಆರಂಭದಲ್ಲೇ ಜೂಲಿಯಸ್ ಆಫ್ರಿಕಾನಸ್ ಎಂಬ ಕ್ರೈಸ್ತ ಬರಹಗಾರ ಗ್ರಹಣದ ವಾದವನ್ನು ಇದೇ ಕಾರಣ ಕೊಟ್ಟು ತಳ್ಳಿಹಾಕಿದ್ದ. ಉಳಿಯುವ ದಾರಿಗಳು ಮೂರು: ದಟ್ಟ ಧೂಳು ಅಥವಾ ಮೋಡ, ಪವಾಡ, ಇಲ್ಲವೇ ಪ್ರವಾದಿಗಳ ಶೈಲಿಯಲ್ಲಿ ಶೋಕವನ್ನು ಹೇಳುವ ಬಗೆ. ಮೂರರಲ್ಲಿ ಯಾವುದೆಂದು ನಿರ್ಧರಿಸಲು ಖಗೋಳಶಾಸ್ತ್ರಕ್ಕೆ ಆಗದು. ನಾಲ್ಕನೆಯದಾದ ಗ್ರಹಣ ಅಲ್ಲ ಎಂದು ಮಾತ್ರ ಅದು ಖಚಿತವಾಗಿ ಹೇಳುತ್ತದೆ. ಅಷ್ಟಾದರೂ ಲಾಭವೇ.

ಪ್ರಾರ್ಥನೆಯನ್ನೂ ಹೀಗೆ ಪರೀಕ್ಷಿಸಬಹುದೇ ಎಂಬ ಪ್ರಶ್ನೆ ಎಲ್ಲ ಸಭೆಯಲ್ಲೂ ಬರುತ್ತದೆ. ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತದೋ ಇಲ್ಲವೋ ಎಂದು ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ನಡೆದವರಲ್ಲಿ ನೂರಕ್ಕೆ 52, ನಡೆಯದವರಲ್ಲಿ 51 ಮಂದಿಗೆ ತೊಡಕುಗಳಾದವು. ಪ್ರಾರ್ಥನೆ ಖಂಡಿತ ನಡೆಯುತ್ತದೆ ಎಂದು ತಿಳಿದಿದ್ದ ಗುಂಪಿನಲ್ಲಿ 59. ನಮ್ಮವರು ತಕ್ಷಣ ಹೇಳುವುದು, ದೇವರನ್ನು ಪ್ರಯೋಗಾಲಯಕ್ಕೆ ಎಳೆಯಬಾರದು ಎಂದು. ಇರಬಹುದು. ಆದರೆ ಅಂಕಿ ತಿರುಗುಮುರುಗಾಗಿ ಬಂದಿದ್ದರೆ ಅದನ್ನು ಪೋಸ್ಟರ್ ಮಾಡಿಸಿ ಗೇಟಿಗೆ ಹಚ್ಚುತ್ತಿದ್ದೆವು. ಗೆದ್ದರೆ ಸಾಕ್ಷ್ಯ, ಸೋತರೆ ಪರೀಕ್ಷೆಯೇ ಸಲ್ಲದು ಎಂಬ ನಿಯಮ ಯಾವ ಆಟದಲ್ಲೂ ಇಲ್ಲ. ಅಧ್ಯಯನಕ್ಕೂ ಮಿತಿ ಇದೆ: ಮೂರೂ ಗುಂಪಿನವರ ಮನೆಯವರು ತಮ್ಮಷ್ಟಕ್ಕೆ ಪ್ರಾರ್ಥಿಸುತ್ತಿದ್ದುದನ್ನು ಯಾರೂ ತಡೆಯಲಾರರು. ಅಪರಿಚಿತರು ಪಟ್ಟಿ ನೋಡಿ ಸಲ್ಲಿಸುವ ಹೆಚ್ಚುವರಿ ಪ್ರಾರ್ಥನೆಯಿಂದ ಶಸ್ತ್ರಚಿಕಿತ್ಸೆಯ ತೊಡಕು ಕಡಿಮೆಯಾಯಿತೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ, ಇಲ್ಲ.

ಕೊನೆಗೆ ಹಕ್ಕಿ ನೋಡುವವರ ಹತ್ತಿರ ಬರೋಣ. ಯಾಜಕಕಾಂಡ 11ರಲ್ಲಿ ಬಾವಲಿಯನ್ನು ಹಕ್ಕಿಗಳ ಜೊತೆ ಎಣಿಸಿದ್ದಾರೆ ಎಂಬ ತಕರಾರು ಗೊತ್ತೇ ಇದೆ. ಆ ಹೀಬ್ರೂ ಪದ ಹಾರುವ ಜೀವಿಗಳನ್ನೆಲ್ಲ ಒಳಗೊಳ್ಳುತ್ತದೆ, ಅದನ್ನು ದೊಡ್ಡದು ಮಾಡುವುದು ಬೇಡ. ನಾನು ಹೇಳಬೇಕಾದ್ದು ಬೇರೆ.

ಯಾರೋ ಬಂದು ಲಾಲ್‌ಬಾಗಿನಲ್ಲಿ ಕಾಗೆ ಕಂಡೆ ಎಂದರೆ ನಂಬುತ್ತೀರಿ. ಸಿರುಗುಪ್ಪದ ಬಯಲಲ್ಲೇ ಕಾಣುವುದು ಅಪರೂಪವಾಗಿರುವ ಗ್ರೇಟ್ ಇಂಡಿಯನ್ ಬಸ್ಟರ್ಡನ್ನು ಲಾಲ್‌ಬಾಗಿನಲ್ಲಿ ಕಂಡೆ ಎಂದರೆ ನಗುತ್ತೀರಿ. ಮನುಷ್ಯ ಅವನೇ, ಕಣ್ಣು ಅವೇ. ಬದಲಾದದ್ದು ನಿಮ್ಮ ಪೂರ್ವದ ಎಣಿಕೆ, ಅಂದರೆ ಸುದ್ದಿ ಕೇಳುವ ಮೊದಲೇ ನಿಮ್ಮ ಮನಸ್ಸಿನಲ್ಲಿದ್ದ ಅಂದಾಜು. ಸುಮ್ಮನೆ ಅಂಕಿ ಹಾಕೋಣ. ಅಂಥ ಹಕ್ಕಿ ಅಲ್ಲಿರುವ ಸಂಭವ ಸಾವಿರಕ್ಕೆ ಒಂದು, ನೋಡಿದವನು ನೂರಕ್ಕೆ 95 ಸಲ ಸರಿಯಾಗಿ ಗುರುತಿಸುತ್ತಾನೆ ಎನ್ನಿ. ಒಂದು ಲಕ್ಷ ಸಂದರ್ಭ ತೆಗೆದುಕೊಂಡರೆ ಹಕ್ಕಿ ನಿಜವಾಗಿ ಇರುವುದು 100ರಲ್ಲಿ, ಅವನು ಹೌದೆನ್ನುವುದು 95ರಲ್ಲಿ. ಇಲ್ಲದಿರುವ 99,900ರಲ್ಲಿ ತಪ್ಪಾಗಿ ಹೌದೆನ್ನುವುದು 4,995ರಲ್ಲಿ. ಅಂದರೆ ಅವನು ‘ಕಂಡೆ’ ಎಂದಾಗ ಅದು ನಿಜವಾಗಿರುವ ಸಂಭವ ನೂರಕ್ಕೆ ಎರಡೂ ಇಲ್ಲ. ಎರಡನೆಯವನು ತಾನಾಗಿ ಕಂಡು ಹೇಳಿದರೆ ಅದು 27ಕ್ಕೆ ಏರುತ್ತದೆ, ಮೂರನೆಯವನಿಂದ 87ಕ್ಕೆ. ಆದರೆ ಮೂವರೂ ಒಟ್ಟಿಗೆ ನಿಂತು, ಮೊದಲನೆಯವನು ಕೂಗಿದ್ದನ್ನು ಕೇಳಿ ಕೂಗಿದ್ದರೆ ಮತ್ತೆ ಎರಡಕ್ಕೇ ಇಳಿಯುತ್ತದೆ. ಈ ಲೆಕ್ಕದ ಬುನಾದಿ ಹಾಕಿದ ಥಾಮಸ್ ಬೇಯ್ಸ್ ಇಂಗ್ಲೆಂಡಿನ ಒಬ್ಬ ಸಭಾಪಾಲಕ. ಅವನು ತೀರಿಕೊಂಡ ಮೇಲೆ 1763ರಲ್ಲಿ ಅದನ್ನು ಬೆಳಕಿಗೆ ತಂದ ರಿಚರ್ಡ್ ಪ್ರೈಸ್ ಕೂಡ ಸಭಾಪಾಲಕನೇ. ಪವಾಡಗಳ ವಿರುದ್ಧ ತತ್ತ್ವಜ್ಞಾನಿ ಹ್ಯೂಮ್ ಹೂಡಿದ ವಾದಕ್ಕೆ ಉತ್ತರ ಕೊಡಲು ಪ್ರೈಸ್ ಇದನ್ನೇ ಬಳಸಿದ.

ಈಗ ಯೇಸು ಸತ್ತು ಮತ್ತೆ ಎದ್ದ ಪುನರುತ್ಥಾನದ ಕಥನಕ್ಕೆ ಬನ್ನಿ. ‘ನಾಲ್ಕು ಸುವಾರ್ತೆ, ನಾಲ್ಕು ಸಾಕ್ಷಿ’ ಎನ್ನುತ್ತೇವೆ. ಮತ್ತಾಯ, ಲೂಕ ಇಬ್ಬರೂ ಮಾರ್ಕನನ್ನು ಮುಂದಿಟ್ಟುಕೊಂಡು ಬರೆದರು ಎಂಬುದು ಬಹುಪಾಲು ವಿದ್ವಾಂಸರು ಒಪ್ಪುವ ಮಾತು. ಹಾಗಾಗಿ ಮೂವರೂ ಹೇಳಿದ್ದಾರೆ ಎಂಬುದು ಎಷ್ಟೋ ಕಡೆ ಒಂದೇ ಕೂಗು. ಹಾಗೆಯೇ ಮಾರ್ಕನ ಕೊನೆಯ ಅಧ್ಯಾಯದ 9ರಿಂದ 20ನೆಯ ವಚನಗಳು ನಾಲ್ಕನೆಯ ಶತಮಾನದ ಸೈನಾಟಿಕಸ್, ವ್ಯಾಟಿಕಾನಸ್ ಹಸ್ತಪ್ರತಿಗಳಲ್ಲಿ ಇಲ್ಲ.

ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಳ್ಳಿ. ಎಡಪುಟದಲ್ಲಿ ನಾಲ್ಕು ಕಲಂ, ಒಂದೊಂದು ಸುವಾರ್ತೆಗೆ ಒಂದೊಂದು. ಸಮಾಧಿಗೆ ಹೋದವರು ಯಾರು, ಎಷ್ಟು ಹೊತ್ತಿಗೆ, ಕಂಡದ್ದು ಯಾರನ್ನು, ಆಮೇಲೆ ಏನು ಮಾಡಿದರು, ಒಂದೊಂದು ಸಾಲು. ಮತ್ತಾಯನಲ್ಲಿ ಒಬ್ಬ ದೇವದೂತ, ಮಾರ್ಕನಲ್ಲಿ ಒಬ್ಬ ಯುವಕ, ಲೂಕನಲ್ಲಿ ಇಬ್ಬರು ಗಂಡಸರು, ಯೋಹಾನನಲ್ಲಿ ಇಬ್ಬರು ದೇವದೂತರು. ಹೆಂಗಸರು ಯಾರಿಗೂ ಹೇಳಲಿಲ್ಲ ಎಂದು ಮಾರ್ಕ 16:8, ಓಡಿಹೋಗಿ ಹೇಳಿದರು ಎಂದು ಮತ್ತಾಯ. ಬಲಪುಟದಲ್ಲಿ ಮೂರು ಕಲಂ: ಬರೆದಿರುವುದು, ನಾನು ಸೇರಿಸಿಕೊಂಡದ್ದು, ಏನು ಕಂಡರೆ ನನ್ನ ಎಣಿಕೆ ತಪ್ಪು ಎಂದು ಒಪ್ಪುತ್ತೇನೆ. ಎರಡನೆಯ ಕಲಂ ತುಂಬುವ ಅಭ್ಯಾಸ ಇಲ್ಲದಿದ್ದರೆ ಮೊದಲು ಕ್ರಿಸ್ಮಸ್ ಕಥೆಯಲ್ಲಿ ಕೈ ಪಳಗಿಸಿಕೊಳ್ಳಿ. ಜೋಯಿಸರು ಮೂವರು ಎಂದು ಮತ್ತಾಯ ಎಲ್ಲೂ ಹೇಳಿಲ್ಲ, ಅವರು ಬಂದದ್ದು ಮನೆಗೆ, ಕೊಟ್ಟಿಗೆಗೆ ಅಲ್ಲ. ನಮ್ಮ ಗೋದಲಿಯ ಎತ್ತು ಕತ್ತೆ ಯಾವ ಸುವಾರ್ತೆಯಲ್ಲೂ ಇಲ್ಲ.

ಇಲ್ಲಿ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು, ನಾಲ್ಕು ಕಲಂನ ವಿವರ ಒಟ್ಟುಹಾಕಿ ಐದನೆಯ ಕಥೆಯೊಂದನ್ನು ಹೆಣೆಯುವುದು, ಅದು ನಾಲ್ವರಲ್ಲಿ ಯಾರೂ ಬರೆಯದ ಕಥೆಯಾಗುತ್ತದೆ. ಇನ್ನೊಂದು, ವ್ಯತ್ಯಾಸ ಕಂಡ ಕೂಡಲೇ ಎಲ್ಲವೂ ಸುಳ್ಳು ಎಂದು ಪುಸ್ತಕ ಮುಚ್ಚುವುದು. ನಮಗೆ ಮುಜುಗರ ತರುವ ಆ ವ್ಯತ್ಯಾಸಗಳೇ ಇವರು ಇಲ್ಲಿ ಒಬ್ಬರನ್ನೊಬ್ಬರು ಕಣ್ಣುಮುಚ್ಚಿ ನಕಲು ಮಾಡಲಿಲ್ಲ ಎಂಬುದಕ್ಕೆ ಗುರುತು. ಹೇಳುತ್ತಾ ಹೇಳುತ್ತಾ ಕಥೆ ಬೆಳೆದರೂ ಇಂಥ ವ್ಯತ್ಯಾಸ ಹುಟ್ಟುತ್ತದೆ, ಅದನ್ನೂ ಬರೆದುಕೊಳ್ಳಿ. ಯೋಹಾನ 20ರಲ್ಲಿ ಮಗ್ದಲದ ಮರಿಯಳು ಒಬ್ಬಳೇ ಹೋದಳು ಎಂದು ಕಾಣುತ್ತದೆ, ಆದರೆ 2ನೆಯ ವಚನದಲ್ಲಿ ಆಕೆಯ ಬಾಯಲ್ಲಿ ಬರುವುದು ‘ನಮಗೆ ಗೊತ್ತಿಲ್ಲ’ ಎಂಬ ಬಹುವಚನ. ಇಂಥದ್ದು ನಾಲ್ಕು ಕಲಂ ಹಾಕಿ ಬರೆದಾಗಲೇ ಕಣ್ಣಿಗೆ ಬೀಳುವುದು.

ಇದೆಲ್ಲಕ್ಕಿಂತ ಹಳೆಯ ಬರಹ ಪೌಲನದು. ಕೊರಿಂಥದವರಿಗೆ ಬರೆದ ಮೊದಲ ಪತ್ರ ಸುಮಾರು ಕ್ರಿ.ಶ. 55ರದ್ದು. 15ನೆಯ ಅಧ್ಯಾಯದಲ್ಲಿ, ತಾನು ಹೊಂದಿದ್ದನ್ನೇ ಒಪ್ಪಿಸುತ್ತಿದ್ದೇನೆ ಎಂದು ಹೇಳಿ, ಯೇಸು ಕೇಫನಿಗೂ (ಅಂದರೆ ಪೇತ್ರನಿಗೂ) ಹನ್ನೆರಡು ಮಂದಿಗೂ ಯಾಕೋಬನಿಗೂ ಕಾಣಿಸಿಕೊಂಡನೆಂದು ಪಟ್ಟಿ ಕೊಡುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಕೇಫನ ಜೊತೆ 15 ದಿನ ಇದ್ದೆ, ಯಾಕೋಬನನ್ನೂ ಕಂಡೆ ಎನ್ನುತ್ತಾನೆ. ಪಟ್ಟಿಯಲ್ಲಿ ಹೆಂಗಸರ ಹೆಸರಿಲ್ಲ, ಸುವಾರ್ತೆಗಳಲ್ಲಿ ಮೊದಲು ಹೋದವರೇ ಅವರು. ಎರಡನ್ನೂ ಬರೆದುಕೊಳ್ಳಿ.

ಇಷ್ಟಾದ ಮೇಲೂ ಮೊತ್ತ ಎಲ್ಲರಿಗೂ ಒಂದೇ ಬರುವುದಿಲ್ಲ, ಯಾಕೆಂದರೆ ಪೂರ್ವದ ಎಣಿಕೆ ಬೇರೆ ಬೇರೆ. ದೇವರು ಇದ್ದಾನೆ ಎಂದು ಬೇರೆ ಕಾರಣಗಳಿಂದ ಒಪ್ಪಿದವರು ಒಂದು ಅಂಕಿಯಿಂದ ಶುರು ಮಾಡುತ್ತಾರೆ, ಒಪ್ಪದವರು ಇನ್ನೊಂದರಿಂದ. ಆ ಮೊದಲ ಅಂಕಿಯನ್ನು ಬಚ್ಚಿಟ್ಟುಕೊಂಡು ಸಾಕ್ಷ್ಯದ ಬಗ್ಗೆ ಗಂಟೆಗಟ್ಟಲೆ ಜಗಳವಾಡುತ್ತೇವೆ. ಅದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ, ಪೆನ್ಸಿಲಿನಲ್ಲಿ. ಪಕ್ಕದಲ್ಲಿ ತಾರೀಖು ಹಾಕಿ.